ಗಾಂಜಾ ಸೇದಿದರೆ ಕಿವಿ ಮಂದವಾಗುತ್ತದೆಯೇ?

ಪ್ರಶ್ನೆ: ನನಗೆ 27 ವರ್ಷ. ಕಾಲೇಜಿನಿಂದ ಗಾಂಜಾ ಸೇದುವ ಅಭ್ಯಾಸ, ಈಗ ಹೆಚ್ಚುಕಮ್ಮಿ ದಿನಾ. ಕೆಲವು ತಿಂಗಳಿಂದ ರಾತ್ರಿ ಮಲಗಿದಾಗ ಕಿವಿಯಲ್ಲಿ ಸಣ್ಣಗೆ ಕುಂಯ್ ಅನ್ನುತ್ತದೆ. ನಾಲ್ಕು ಜನ ಸೇರಿದ ಕಡೆ ಎದುರಿನವರ ಮಾತು ಹಿಡಿಯುವುದಿಲ್ಲ. ಇದು ಗಾಂಜಾದಿಂದಲೇ? ಬಿಟ್ಟರೆ ಸರಿಹೋಗುತ್ತದಾ? ಡಾಕ್ಟರ ಹತ್ತಿರ ಹೇಳೋಕೂ ಭಯ.

ಉತ್ತರ: ಗಾಂಜಾ ಒಂದರಿಂದಲೇ ಮನುಷ್ಯರು ಕಿವುಡಾಗುತ್ತಾರೆ ಎಂಬುದು ಈವರೆಗೆ ಸಾಬೀತಾಗಿಲ್ಲ. ಹಾಗಂತ ಎರಡಕ್ಕೂ ಸಂಬಂಧವೇ ಇಲ್ಲ ಎನ್ನುವಂತೆಯೂ ಇಲ್ಲ. ಆ ಸಂಬಂಧ ಕಾಣುವುದು ಕಿವಿಯೊಳಗಿಗಿಂತ ಹೆಚ್ಚಾಗಿ ಕಿವಿಯಿಂದ ಮಿದುಳಿಗೆ ಹೋಗುವ ದಾರಿಯಲ್ಲಿ. ನೀವು ಬರೆದಿರುವ ಎರಡು ತೊಂದರೆಗಳು ಅಲ್ಲಿಂದ ಬಂದಿರಬಹುದು, ಬರೀ ಜೋರು ಸದ್ದಿನ ಪೆಟ್ಟೂ ಆಗಿರಬಹುದು. ಪತ್ರ ಓದಿ ಇದು ಇಂಥದ್ದೇ ಅಂತ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಒಂದು ಪುಟ್ಟ ಅಂಗ ಇದೆ, ಕಾಕ್ಲಿಯಾ. ಅದರೊಳಗೆ ಸುಮಾರು 15,000 ರೋಮಕೋಶಗಳು. ಸದ್ದಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿ ಮಾಡಿ ನರಕ್ಕೆ ಒಪ್ಪಿಸುವುದು ಇವುಗಳ ಕೆಲಸ. ಮನುಷ್ಯರಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಹೊರಟ ನರ ಮಿದುಳಿನ ಬುಡದಲ್ಲಿ ಒಂದು ನರಕೇಂದ್ರವನ್ನು ಮುಟ್ಟುತ್ತದೆ. ಗಾಂಜಾದ ಕತೆ ಶುರುವಾಗುವುದು ಅಲ್ಲಿಂದ.

ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ರಾಸಾಯನಿಕವನ್ನು 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವೊನಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ನರಕೋಶದ ಮೇಲೆ ಅದು ಹೋಗಿ ಅಂಟಿಕೊಳ್ಳುವ ಜಾಗಕ್ಕೆ ಗ್ರಾಹಕ ಎನ್ನುತ್ತಾರೆ; ಸಿಬಿ1 ಎಂಬ ಆ ಗ್ರಾಹಕದ ವಿವರ ಸಿಕ್ಕಿದ್ದು 1990ರಲ್ಲಿ. ಮಿದುಳಿನ ತುಂಬ ಇರುವ ಈ ಗ್ರಾಹಕಗಳು ಮೇಲೆ ಹೇಳಿದ ನರಕೇಂದ್ರದಲ್ಲೂ ಇವೆ. ನಮ್ಮ ದೇಹವೇ ತಯಾರಿಸುವ, ಟಿಎಚ್‌ಸಿಯನ್ನು ಹೋಲುವ ಕೆಲವು ವಸ್ತುಗಳು ಅಲ್ಲಿ ಯಾವ ಸಂಕೇತ ಎಷ್ಟು ಜೋರಾಗಿ ಮುಂದಕ್ಕೆ ಹೋಗಬೇಕು ಎಂಬುದನ್ನು ಹದದಲ್ಲಿಡುತ್ತವೆ. ಹೊರಗಿನಿಂದ ಟಿಎಚ್‌ಸಿ ಬಂದು ಕೂತರೆ ಆ ಹದ ತಪ್ಪಬಹುದು. ಹದ ತಪ್ಪಿದ ನರಕೋಶ ಹೊರಗೆ ಸದ್ದೇ ಇಲ್ಲದಾಗಲೂ ಮಿಡಿಯತೊಡಗಿದರೆ ಮಿದುಳು ಅದನ್ನು ಸದ್ದು ಎಂದೇ ಓದಿಕೊಳ್ಳುತ್ತದೆ. ಡಾಕ್ಟರುಗಳು ಟಿನ್ನಿಟಸ್ ಎನ್ನುವ ಕುಂಯ್‌ಗುಟ್ಟುವಿಕೆಗೆ ಸಂಶೋಧಕರು ಕೊಡುವ ವಿವರಣೆಗಳಲ್ಲಿ ಇದೂ ಒಂದು.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಇದನ್ನು ಇಲಿಗಳಲ್ಲಿ ನೋಡಿದರು. ಕಿವಿಯಲ್ಲಿ ಕುಂಯ್ ಅನ್ನುತ್ತಿದೆ ಎಂದು ಇಲಿ ಬಾಯಿಬಿಟ್ಟು ಹೇಳುವುದಿಲ್ಲವಲ್ಲ, ಅದಕ್ಕೊಂದು ಉಪಾಯ ಇದೆ. ಸದ್ದು ಇರುವಾಗ ನೀರು ಕುಡಿದರೆ ಏನೂ ಇಲ್ಲ, ಸದ್ದು ನಿಂತಾಗ ಬಾಯಿ ಹಾಕಿದರೆ ಕಾಲಿಗೆ ಸಣ್ಣ ಶಾಕ್ ಎಂದು ಮೊದಲು ಕಲಿಸುತ್ತಾರೆ. ಆಮೇಲೆ ಸದ್ದು ನಿಲ್ಲಿಸಿ ಅದರ ನಡವಳಿಕೆ ಗಮನಿಸಿದರೆ, ಅದಕ್ಕೆ ನಿಶ್ಶಬ್ದ ನಿಶ್ಶಬ್ದವಾಗಿಯೇ ಕೇಳಿಸುತ್ತಿದೆಯೋ ಇಲ್ಲವೋ ಎಂದು ಅಂದಾಜಿಸಬಹುದು. ಅಪಸ್ಮಾರದಲ್ಲಿ ನರಗಳ ಅತಿ ಮಿಡಿತವನ್ನು ತಗ್ಗಿಸುವ ಗಾಂಜಾ ಜಾತಿಯ ರಾಸಾಯನಿಕಗಳು ಟಿನ್ನಿಟಸ್ಸನ್ನೂ ತಗ್ಗಿಸಬಹುದು ಎಂಬ ನಿರೀಕ್ಷೆ ಇತ್ತು. ಆದದ್ದು ಉಲ್ಟಾ. 2010ರ ಪ್ರಯೋಗದಲ್ಲೂ, ಟಿಎಚ್‌ಸಿ ಮತ್ತು ಗಾಂಜಾದಲ್ಲೇ ಇರುವ, ಅಮಲೇರಿಸದ ಸಿಬಿಡಿ ಎಂಬ ರಾಸಾಯನಿಕವನ್ನು ಸೇರಿಸಿ ಕೊಟ್ಟ 2015ರ ಪ್ರಯೋಗದಲ್ಲೂ ಟಿನ್ನಿಟಸ್ಸಿನ ಲಕ್ಷಣ ಹೆಚ್ಚಾಯಿತು.

ಇಲಿಗೆ ಆದದ್ದು ಮನುಷ್ಯನಿಗೂ ಆಗಲೇಬೇಕು ಅಂತಿಲ್ಲ. ಆದರೂ ಕಿವಿಯ ಸದ್ದಿಗೆ ರಾಮಬಾಣ ಅಂತ ಆನ್‌ಲೈನಿನಲ್ಲಿ ಸಿಬಿಡಿ ಎಣ್ಣೆ ಮಾರುವವರು ಈ ಪ್ರಯೋಗಗಳ ಸುದ್ದಿ ಎತ್ತುವುದಿಲ್ಲ. ಆ ಎಣ್ಣೆಗೆ ಸಾವಿರಗಟ್ಟಲೆ ಸುರಿಯುವ ಬದಲು ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ, ಅಗ್ಗವೂ ಆಗುತ್ತದೆ.

ಇನ್ನು ಮನುಷ್ಯರ ವಿಷಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ನಿಯಮಿತವಾಗಿ ಗಾಂಜಾ ಬಳಸುವವರು ಟಿನ್ನಿಟಸ್ ಇದೆ ಎಂದು ಹೇಳಿದ್ದು ಉಳಿದವರಿಗಿಂತ ಹೆಚ್ಚು. ಇಂಥ ಸಮೀಕ್ಷೆ ಯಾವುದು ಮೊದಲು ಬಂತು ಎಂದು ಹೇಳಲಾರದು. ಕಿವಿಯ ಕಾಟಕ್ಕೆ ನಿದ್ದೆ ಬಾರದೆ ಸೇದಲು ಶುರುಮಾಡಿದವರೂ ಆ ಲೆಕ್ಕದಲ್ಲಿ ಸೇರಿಹೋಗುತ್ತಾರೆ.

ಗದ್ದಲದಲ್ಲಿ ಮಾತು ಹಿಡಿಯುವುದಿಲ್ಲ ಅಂದಿರಲ್ಲ, ಅದಕ್ಕೆ ಹತ್ತಿರವಾದ ಇನ್ನೊಂದು ಪರೀಕ್ಷೆ ಇದೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಅರ್ಧ ಸೆಕೆಂಡ್ ಅಂತರದಲ್ಲಿ ಎರಡು ಸಲ ಟಕ್ ಟಕ್ ಎಂದು ಕೇಳಿಸುತ್ತಾರೆ. ಆರೋಗ್ಯವಂತ ಮಿದುಳು ಮೊದಲ ಟಕ್ಕಿಗೆ ಚೆನ್ನಾಗಿ ಸ್ಪಂದಿಸಿ, ಎರಡನೆಯದಕ್ಕೆ ‘ಇದು ಗೊತ್ತಿರುವುದೇ’ ಎಂಬಂತೆ ತಣ್ಣಗಿರುತ್ತದೆ. ಬೇಡದ ಸದ್ದನ್ನು ಸೋಸುವ ಸಾಮರ್ಥ್ಯವನ್ನು ಹೀಗೆ ಅಳೆಯುತ್ತಾರೆ. ದೀರ್ಘಕಾಲ ಗಾಂಜಾ ಸೇದಿದವರಲ್ಲಿ ಈ ಸೋಸುವಿಕೆ ಕಡಿಮೆ ಇರುವುದು 1990ರ ದಶಕದಿಂದಲೂ ಅಧ್ಯಯನಗಳಲ್ಲಿ ಕಂಡುಬಂದಿದೆ. ಕಿವಿ ಸರಿ ಇದ್ದೂ ಪಕ್ಕದ ಟೇಬಲ್ಲಿನ ಮಾತು, ತಟ್ಟೆಯ ಸದ್ದು, ಎದುರಿನವರ ಮಾತು ಎಲ್ಲ ಒಟ್ಟಿಗೆ ನುಗ್ಗಿದಂತಾಗುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಸೇದಿದ ಮೇಲೆ ಹಾಡು ಚೆನ್ನಾಗಿ ಕೇಳಿಸುತ್ತದೆ, ಕಿವಿ ಚುರುಕಾಗುತ್ತದೆ ಎನ್ನುವ ನಂಬಿಕೆ ಸೇದುವವರಲ್ಲಿ ಗಟ್ಟಿಯಾಗಿದೆ. ಚುರುಕಾಗುವುದು ಕಿವಿಯಲ್ಲ, ಬದಲಾಗುವುದು ಗಮನ ಮತ್ತು ಕಾಲದ ಅಂದಾಜು. ನನಗೆ ಹೆಚ್ಚು ಚಿಂತೆಯಾಗುವುದೂ ಇಲ್ಲೇ. ಅಮಲಿನಲ್ಲಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ ತಪ್ಪುತ್ತದೆ, ವಾಲ್ಯೂಮ್ ಮೇಲಕ್ಕೇ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದಾದ ಸದ್ದು 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 90ಕ್ಕೆ ಬಂದರೆ ವಾರಕ್ಕೆ ನಾಲ್ಕು ಗಂಟೆ, 100ಕ್ಕೆ 20 ನಿಮಿಷ. ಪಬ್ಬಿನ ಸ್ಪೀಕರ್ ಪಕ್ಕ, ಗಣಪತಿ ಮೆರವಣಿಗೆಯ ಡಿಜೆ ಮುಂದೆ ಇದು ಒಂದೇ ಸಂಜೆಯಲ್ಲಿ ಮುಗಿದುಹೋಗುತ್ತದೆ. ಮಾರನೆಯ ಬೆಳಿಗ್ಗೆ ಕಿವಿ ಮುಚ್ಚಿಕೊಂಡ ಹಾಗಿದ್ದು ಸಂಜೆಗೆ ಬಿಟ್ಟುಕೊಂಡರೆ ಬಚಾವಾದೆ ಅಂದುಕೊಳ್ಳಬೇಡಿ. ಪದೇಪದೇ ಹಾಗಾದವರಿಗೆ ಒಂದು ದಿನ ಅದು ಬಿಟ್ಟುಕೊಳ್ಳುವುದಿಲ್ಲ.

ಇನ್ನೊಂದು ಆರೋಪಿ ಹೊಗೆಸೊಪ್ಪು. ನಮ್ಮಲ್ಲಿ ಬರೀ ಗಾಂಜಾ ಸೇದುವವರು ಕಡಿಮೆ. ಬೀಡಿಯನ್ನೋ ಸಿಗರೇಟನ್ನೋ ಬಿಚ್ಚಿ, ಅದರ ತಂಬಾಕು ಬೆರೆಸಿ ಸುತ್ತುತ್ತಾರೆ, ಚಿಲುಮೆಗೂ ಹಾಗೆಯೇ. ಅಮೆರಿಕದ ಬೀವರ್ ಡ್ಯಾಮ್ ಎಂಬ ಊರಿನಲ್ಲಿ 48ರಿಂದ 92 ವಯಸ್ಸಿನವರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಗರೇಟು ಸೇದುವವರಲ್ಲಿ ಕಿವಿ ಮಂದವಾಗುವ ಸಾಧ್ಯತೆ ಸೇದದವರಿಗಿಂತ 1.69 ಪಟ್ಟು ಇತ್ತು. ಒಳಗಿವಿಗೆ ರಕ್ತ ಒದಗಿಸುವುದು ಒಂದೇ ಒಂದು ಸಣ್ಣ ರಕ್ತನಾಳ. ನಿಕೋಟಿನ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದ ಆಮ್ಲಜನಕಕ್ಕೆ ಕತ್ತರಿ ಹಾಕುತ್ತದೆ. ಭಂಗಿ ಅರೆದು ಕುಡಿಯುವವರಿಗೆ ಈ ಹೊಗೆಯ ಕಾಟ ಇಲ್ಲ ನಿಜ, ಆದರೆ ಟಿಎಚ್‌ಸಿ ಅದರಲ್ಲೂ ಇದೆ.

ಈಗ ಪರೀಕ್ಷೆ. ಇಎನ್‌ಟಿ ಡಾಕ್ಟರು ಮೊದಲು ನೋಡುವುದು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ಎಂದು. ಎಷ್ಟೋ ಜನರ ಕತೆ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಆಡಿಯೋಗ್ರಾಂ. ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ 250ರಿಂದ 8,000 ಹರ್ಟ್ಸ್‌ವರೆಗಿನ ಸದ್ದುಗಳನ್ನು ಕೇಳಿಸುತ್ತಾರೆ, ಕೇಳಿದ ಕೂಡಲೇ ಗುಂಡಿ ಒತ್ತಬೇಕು. ಗೆರೆ 4,000 ಹರ್ಟ್ಸ್ ಹತ್ತಿರ ಮಾತ್ರ ತಗ್ಗಿಗೆ ಬಿದ್ದು ಮತ್ತೆ ಮೇಲೆದ್ದಿದ್ದರೆ ಸಾಮಾನ್ಯವಾಗಿ ಅದು ಜೋರು ಸದ್ದಿನ ಗುರುತು. ಗೆರೆ ನೆಟ್ಟಗಿದ್ದೂ ಗದ್ದಲದಲ್ಲಿ ಕಷ್ಟ ಅನ್ನಿಸಿದರೆ, ಹಿನ್ನೆಲೆ ಸದ್ದಿನಲ್ಲಿ ಮಾತು ಗುರುತಿಸುವ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥದ್ದಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ. ಕುಂಯ್ ಅನ್ನುವುದು ಒಂದೇ ಕಿವಿಯಲ್ಲೋ ಎರಡರಲ್ಲೋ ನೀವು ಬರೆದಿಲ್ಲ. ಒಂದೇ ಕಿವಿಯಲ್ಲಾದರೆ ಡಾಕ್ಟರಿಗೆ ಒತ್ತಿ ಹೇಳಿ, ಶ್ರವಣ ನರದ ಮೇಲೆ ಗಡ್ಡೆ ಇಲ್ಲ ಎಂದು ಖಾತ್ರಿಪಡಿಸಿಕೊಳ್ಳಲು ಎಂಆರ್‌ಐ ಬೇಕಾಗಬಹುದು. ಕುಂಯ್ ಎನ್ನುವ ಸದ್ದಲ್ಲದೆ ಯಾರೋ ಮಾತಾಡಿದಂತೆ, ಬೈದಂತೆ ಕೇಳಿಸುತ್ತಿದ್ದರೆ ಅದು ಕಿವಿಯ ಸಮಸ್ಯೆಯೇ ಅಲ್ಲ. ತಡಮಾಡದೆ ಮನೋವೈದ್ಯರನ್ನು ಕಾಣಬೇಕು.

ಗಾಂಜಾ ಸೇದುತ್ತೇನೆ ಎಂದು ಡಾಕ್ಟರಿಗೆ ಹೇಳಿದರೆ ಅವರು ಪೊಲೀಸರಿಗೆ ಫೋನ್ ಮಾಡುವುದಿಲ್ಲ, ರೋಗಿಯ ಗುಟ್ಟು ಕಾಯುವುದು ಅವರ ವೃತ್ತಿಧರ್ಮ. 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಸೇವನೆ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಕಲಂ, ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರ ಮಾನ್ಯ ಮಾಡಿದ ಕಡೆ ಪೂರ್ತಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಬಿಡಲು ನೆರವು ಬೇಕಿದ್ದರೆ 14446 ವ್ಯಸನಮುಕ್ತಿ ಸಹಾಯವಾಣಿ, ಮನಸ್ಸಿನ ಕಷ್ಟಕ್ಕೆ 14416 ಟೆಲಿ ಮಾನಸ್.

ಬಿಟ್ಟರೆ ಸರಿಹೋಗುತ್ತದಾ ಎಂದು ಕೇಳಿದ್ದೀರಿ. ರೋಮಕೋಶ ಸತ್ತಿದ್ದರೆ ಆ ನಷ್ಟ ತುಂಬುವುದಿಲ್ಲ, ಇನ್ನಷ್ಟು ಹಾಳಾಗುವುದನ್ನು ತಡೆಯಬಹುದು ಅಷ್ಟೆ. ತೊಂದರೆ ಮಿದುಳಿನ ಹದದ್ದಾದರೆ ಸುಧಾರಿಸುವ ಆಸೆಗೆ ಜಾಗ ಇದೆ. ದಿನಾ ಸೇದುವವರು ನಿಲ್ಲಿಸಿದ ಮೊದಲ ಒಂದೆರಡು ವಾರ ನಿದ್ದೆ ಕೆಡುತ್ತದೆ, ಸಿಟ್ಟು ಬರುತ್ತದೆ. ನಿದ್ದೆಗೆಟ್ಟ ರಾತ್ರಿಗಳಲ್ಲಿ ಕಿವಿಯ ಸದ್ದು ಜೋರಾದಂತೆ ಅನ್ನಿಸಬಹುದು. ಆಗ ‘ಬಿಟ್ಟಿದ್ದಕ್ಕೇ ಹೆಚ್ಚಾಯ್ತು’ ಅಂತ ಮತ್ತೆ ಸುತ್ತಲು ಕೂರಬೇಡಿ. ಫ್ಯಾನ್ ಹಾಕಿಕೊಂಡು ಮಲಗಿ, ಸಣ್ಣ ಹಿನ್ನೆಲೆ ಸದ್ದಿದ್ದರೆ ಕುಂಯ್ ಎನ್ನುವುದು ಅಷ್ಟಾಗಿ ಎದ್ದು ಕೇಳಿಸುವುದಿಲ್ಲ. ಆದರೆ ಎಂದಾದರೂ ಒಂದು ಕಿವಿ ದಿಢೀರನೆ, ಗಂಟೆಗಳಲ್ಲಿ ಅಥವಾ ಎರಡು ಮೂರು ದಿನಗಳಲ್ಲಿ ಮಂದವಾಗಿಬಿಟ್ಟರೆ ಶೀತ ಇರಬೇಕು ಅಂತ ಕಾಯಬೇಡಿ. ಆವತ್ತೇ ಇಎನ್‌ಟಿ ಡಾಕ್ಟರನ್ನು ಕಾಣಿ. ಸ್ಟೀರಾಯ್ಡ್ ಚಿಕಿತ್ಸೆ ಕೆಲಸ ಮಾಡುವ ಸಾಧ್ಯತೆ ಹೆಚ್ಚಿರುವುದು ಮೊದಲ ಎರಡು ವಾರಗಳಲ್ಲಿ.