ಯಲಹಂಕದ ಕೋಡೊಲೆ

ಗ್ಯಾಸ್ ವಿದ್ಯುತ್ ಸ್ಥಾವರ ಅಂದಕೂಡಲೇ ಬಹಳ ಮಂದಿ ರಾಯಚೂರಿನ ಶಾಖೋತ್ಪನ್ನ ಕೇಂದ್ರವನ್ನೇ ನೆನೆದು, ಕಲ್ಲಿದ್ದಲಿನ ಜಾಗಕ್ಕೆ ಗ್ಯಾಸನ್ನು ತಂದು ಕೂರಿಸುತ್ತಾರೆ: ಉರಿಸು, ನೀರು ಕುದಿಸು, ಹಬೆಯಿಂದ ಚಕ್ರ ತಿರುಗಿಸು. ಅಷ್ಟೇ ಆಗಿದ್ದರೆ ಇಂಥ ದುಬಾರಿ ಇಂಧನವನ್ನು ಮಹಾರಾಷ್ಟ್ರ ಕರಾವಳಿಯ ದಾಭೋಲ್‌ನಿಂದ ಸಾವಿರ ಕಿಲೋಮೀಟರ್ ಪೈಪಿನಲ್ಲಿ ತರುವ ಅಗತ್ಯವೇ ಇರಲಿಲ್ಲ. ರಾಜ್ಯ ಸರ್ಕಾರದ ಕರ್ನಾಟಕ ವಿದ್ಯುತ್ ನಿಗಮ (ಕೆಪಿಸಿಎಲ್) ಯಲಹಂಕದಲ್ಲಿ, ತನ್ನ ಹಳೆಯ ಡೀಸೆಲ್ ಕೇಂದ್ರವಿದ್ದ ಜಾಗದಲ್ಲಿ, ಕಟ್ಟಿರುವ 370 ಮೆಗಾವ್ಯಾಟ್ ಘಟಕದಲ್ಲಿ ಗ್ಯಾಸಿನ ಉರಿ ನೀರಿನ ಹತ್ತಿರವೂ ಸುಳಿಯುವುದಿಲ್ಲ.

ಉರಿ ಇರುವುದು ಗ್ಯಾಸ್ ಟರ್ಬೈನಿನೊಳಗೆ. ಈ ಗಾತ್ರದ ಯಂತ್ರ ಸೆಕೆಂಡಿಗೆ ಸುಮಾರು 600 ಕಿಲೋ ಗಾಳಿಯನ್ನು ಒಳಗೆಳೆದು, ಹದಿನೈದು ಪಟ್ಟಿಗೂ ಹೆಚ್ಚು ಒತ್ತಿ, ಅದರಲ್ಲಿ ಗ್ಯಾಸ್ ಉರಿಸುತ್ತದೆ. 1300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಬಿಸಿಗಾಳಿ ಟರ್ಬೈನಿನ ಅಲಗುಗಳನ್ನು ತಳ್ಳುತ್ತ ಹೊರಬೀಳುತ್ತದೆ. ಆದರೆ ಹುಟ್ಟಿದ ಬಲದ ದೊಡ್ಡ ಪಾಲನ್ನು ಗಾಳಿ ಒತ್ತುವ ಕಂಪ್ರೆಸರೇ ನುಂಗುತ್ತದೆ. 1939ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಊರಿಗಾಗಿ ಬ್ರೌನ್ ಬೊವೆರಿ ಕಂಪನಿ ವಿದ್ಯುತ್ತಿಗಾಗಿ ಮೊದಲ ಗ್ಯಾಸ್ ಟರ್ಬೈನ್ ಓಡಿಸಿದಾಗ ಟರ್ಬೈನ್ ಕೊಟ್ಟದ್ದು 15,400 ಕಿಲೋವ್ಯಾಟ್, ಕಂಪ್ರೆಸರ್ ತಿಂದದ್ದು 11,400, ಊರಿಗೆ ಸಿಕ್ಕಿದ್ದು ಬರೀ 4,000. ಇಂಧನದ ಶಾಖದಲ್ಲಿ ವಿದ್ಯುತ್ತಾದದ್ದು ಶೇ. 18ಕ್ಕಿಂತ ಕಡಿಮೆ. ಆ ಕಾಲಕ್ಕೆ ಅದೇ ಸಾಧನೆ.

ಕಂಪ್ರೆಸರ್ ಒಳಗೆಳೆಯುವುದು ಇಂತಿಷ್ಟು ಗಾತ್ರದ ಗಾಳಿಯನ್ನು, ಇಂತಿಷ್ಟು ತೂಕದ್ದನ್ನಲ್ಲ. ಗಾಳಿ ತೆಳುವಾದಷ್ಟೂ ಕರೆಂಟು ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಹತ್ತಿರಹತ್ತಿರ ಶೇ. 10 ಕಡಿಮೆ. ಅದೇ ಯಂತ್ರವನ್ನು ಮಂಗಳೂರಿನಲ್ಲಿ ಕೂರಿಸಿದ್ದರೆ, ಅದೇ ಬಿಸಿಲಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಹೆಚ್ಚು ಕರೆಂಟು ಕೊಡುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಗಾಳಿ ಕಾದು ಹಗುರಾದಾಗ ಉತ್ಪಾದನೆ ಇನ್ನೂ ಇಳಿಯುತ್ತದೆ. ಯಂತ್ರ ಕೆಟ್ಟಿದೆ ಎಂದು ಅದಕ್ಕೆ ಅರ್ಥವಲ್ಲ.

ಈಗ ನನಗೆ ಬಹಳ ಇಷ್ಟವಾದ ಭಾಗ. ಟರ್ಬೈನಿನಿಂದ ಹೊರಬರುವ ಗಾಳಿ ಇನ್ನೂ 600 ಡಿಗ್ರಿ ಇರುತ್ತದೆ. ಹಳೆಯ ಮಣ್ಣಿನ ಒಲೆಯ ಪಕ್ಕದಲ್ಲಿ ಕೋಡೊಲೆ ಇರುತ್ತಿತ್ತಲ್ಲ, ಬೇರೆ ಸೌದೆಯಿಲ್ಲದೆ ದೊಡ್ಡ ಒಲೆಯ ಝಳದಲ್ಲೇ ಅದರ ಮೇಲಿನ ಪಾತ್ರೆ ಕಾಯುತ್ತಿತ್ತು. ಇಲ್ಲಿನ ಬಾಯ್ಲರ್ ಅಂಥದ್ದು. ಅದರ ಹಬೆಯಿಂದ ಎರಡನೆಯ ಟರ್ಬೈನ್ ತಿರುಗುತ್ತದೆ. ಯಲಹಂಕದ 370ರಲ್ಲಿ ಸುಮಾರು 237 ಮೆಗಾವ್ಯಾಟ್ ಗ್ಯಾಸ್ ಟರ್ಬೈನಿನದು. ಉಳಿದ 133 ಹೊಸದಾಗಿ ಒಂದು ಹನಿ ಇಂಧನವಿಲ್ಲದೆ ಬರುವಂಥದ್ದು.

ಆದರೆ ಒಂದೇ ಒತ್ತಡದಲ್ಲಿ ನೀರು ಕುದಿಸಿದರೆ ಆ ಝಳ ಪೂರ್ತಿ ದಕ್ಕುವುದಿಲ್ಲ. 100 ಬಾರ್ ಒತ್ತಡದಲ್ಲಿ, ಅಂದರೆ ಸಮುದ್ರಮಟ್ಟದ ಗಾಳಿಯ ಒತ್ತಡದ ಸುಮಾರು ನೂರು ಪಟ್ಟಿನಲ್ಲಿ, ನೀರು ಕುದಿಯುವುದು 311 ಡಿಗ್ರಿಯಲ್ಲಿ. ಗಾಳಿ ಅಷ್ಟಕ್ಕೆ ತಣಿದಮೇಲೆ ಎಷ್ಟೇ ಕೊಳವೆ ಹಾಸಿದರೂ ಆ ನೀರನ್ನು ಕುದಿಸಲಾರದು. ಹಾಗೆಂದು ಮೊದಲಿನಿಂದಲೇ ಒತ್ತಡ ತಗ್ಗಿಸಿದರೆ ಹಬೆಯಲ್ಲಿ ಕಸುವಿರುವುದಿಲ್ಲ. ಅದಕ್ಕೇ ಈ ಗಾತ್ರದ ಘಟಕಗಳಲ್ಲಿ ಸಾಮಾನ್ಯವಾಗಿ ಮೂರು ಹಂತ: ಬಿಸಿ ಹೆಚ್ಚಿರುವಲ್ಲಿ 100 ಬಾರ್ ಅಥವಾ ಅದಕ್ಕೂ ಮೇಲೆ, ಮುಂದೆ 28 ಬಾರ್ ಸುಮಾರಿನದು, ಅಲ್ಲಿ 230 ಡಿಗ್ರಿಗೇ ಕುದಿತ, ಕೊನೆಗೆ 4 ಬಾರ್, 144 ಡಿಗ್ರಿ ಸಾಕು. ಪ್ರತಿ ಹಂತದಲ್ಲೂ ಗಾಳಿ ಮತ್ತು ಕುದಿಯುವ ನೀರಿನ ನಡುವೆ ಎಂಟು-ಹತ್ತು ಡಿಗ್ರಿ ಅಂತರ ಬಿಡುತ್ತಾರೆ. ಇನ್ನೂ ಹತ್ತಿರ ತರಬಹುದು. ಆದರೆ ಕೊಳವೆಗಳು ಹೆಚ್ಚಿ, ಗಾಳಿಗೆ ದಾರಿ ಬಿಗಿಯಾಗಿ, ಗ್ಯಾಸ್ ಟರ್ಬೈನಿಗೇ ಹಿನ್ನೊತ್ತಡ ಬೀಳುತ್ತದೆ. ಚಿಮಣಿ ತಲುಪುವಾಗ ಉಳಿಯುವುದು ಸುಮಾರು 100 ಡಿಗ್ರಿ. ಒಂಟಿ ಟರ್ಬೈನಿನಲ್ಲಿ ಶೇ. 36ರ ಆಸುಪಾಸಿನಲ್ಲಿದ್ದ ದಕ್ಷತೆ ಇದರಿಂದ 55ರ ಹತ್ತಿರಕ್ಕೆ ಏರುತ್ತದೆ. ಹಾಗಿದ್ದೂ ದಿನವಿಡೀ ಪೂರ್ತಿ ಓಡಿದರೆ 16 ಲಕ್ಷ ಘನಮೀಟರಿನಷ್ಟು ಗ್ಯಾಸ್ ಬೇಕು.

ಇಂಥದ್ದನ್ನು ಕಟ್ಟುವಾಗ ತಾಳ್ಮೆ ಬೇಡುವುದು ಕೊನೆಯ ಹಂತ. ವೆಲ್ಡಿಂಗ್ ಮಾಡಿದ ಕೊಳವೆಯೊಳಗೆ ಕಿಟ್ಟ, ತುಕ್ಕಿನ ಪದರ ಉಳಿದಿರುತ್ತವೆ. ಅವುಗಳಲ್ಲಿ ಒಂದು ಕಣ ಹಬೆಯ ಜೊತೆ ಹಾರಿದರೂ ಟರ್ಬೈನಿನ ಅಲಗು ಹಾಳು. ಅದಕ್ಕೆ ಟರ್ಬೈನಿಗೆ ಹಬೆ ಬಿಡುವ ಮೊದಲು ಅದನ್ನು ಭೋರೆಂದು ಹೊರಗೆ ಊದುತ್ತಾರೆ. ಆ ದಾರಿಗೆ ಅಡ್ಡಲಾಗಿ ಕನ್ನಡಿಯಂತೆ ಹೊಳಪು ಕೊಟ್ಟ ಲೋಹದ ಪಟ್ಟಿ ಇಟ್ಟು, ತೆಗೆದು, ಬೆಳಕಿಗೆ ಹಿಡಿದು ಗುಳಿ ಎಣಿಸುತ್ತಾರೆ. ನಿಗದಿಗಿಂತ ಹೆಚ್ಚು ಗುಳಿಯಿದ್ದರೆ ಮತ್ತೆ ಊದಬೇಕು. ಗ್ಯಾಸ್ ಹೊತ್ತಿಸುವ ಮುಂಚೆ ಇನ್ನೊಂದು ಕಡ್ಡಾಯ: ಜನರೇಟರನ್ನೇ ಮೋಟಾರಿನಂತೆ ತಿರುಗಿಸಿ, ಬಾಯ್ಲರಿನ ಹಾದಿಯ ಗಾಳಿಯನ್ನು ಐದು ಬಾರಿಯಾದರೂ ಪೂರ್ತಿ ಬದಲಿಸುವುದು. ಹಿಂದಿನ ವಿಫಲ ಪ್ರಯತ್ನದ ಗ್ಯಾಸ್ ಎಲ್ಲೋ ಮೂಲೆಯಲ್ಲಿ ಉಳಿದಿದ್ದರೆ ಮುಂದಿನ ಕಿಡಿಗೆ ಸ್ಫೋಟವೇ. ಯಲಹಂಕದಲ್ಲಿ ಪರೀಕ್ಷಾ ಹಂತದಲ್ಲೇ, 2020ರ ಅಕ್ಟೋಬರಿನಲ್ಲಿ, ಬೆಂಕಿ ಅವಘಡವಾಗಿ ಹಲವರು ಸುಟ್ಟಗಾಯಗೊಂಡರು. ಘಟಕದ ಉದ್ಘಾಟನೆಯಾದದ್ದು 2024ರಲ್ಲಿ.

ಕೂಲಿಂಗ್ ಟವರಿನ ಮೇಲಿನ ಬಿಳಿ ಮೋಡವನ್ನು ನೋಡಿ ‘ವಿಷದ ಹೊಗೆ’ ಎಂದು ವಿಡಿಯೊ ಹಂಚುವುದನ್ನು ದಯವಿಟ್ಟು ನಿಲ್ಲಿಸಿ, ಅದು ನೀರಿನ ಹನಿ. ನಿಜವಾಗಿ ಗಮನಿಸಬೇಕಾದ ನೈಟ್ರೋಜನ್ ಆಕ್ಸೈಡ್ ಹೊರಬೀಳುವುದು ಚಿಮಣಿಯಿಂದ, ಅದು ಅಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದೂ ಇಲ್ಲ. ಸಿಲಿಂಡರಿನ ಗ್ಯಾಸ್ ಸೋರಿದರೆ ನೆಲಕ್ಕಿಳಿಯುತ್ತದೆ. ಪೈಪಿನಲ್ಲಿ ಬರುವ ಮೀಥೇನ್ ಗಾಳಿಗಿಂತ ಹಗುರ, ಮೇಲೇರುತ್ತದೆ. ಅದಕ್ಕೇ ಇಲ್ಲಿ ಸೋರಿಕೆ ಪತ್ತೆಯ ಸಾಧನಗಳು ಛಾವಣಿಯ ಕೆಳಗಿರುತ್ತವೆ.

ಹಗಲು ಸೋಲಾರ್ ಇರುವಾಗ ಇದನ್ನು ಆರಿಸಿ, ಸಂಜೆ ಹಚ್ಚಿದರಾಯಿತು ಎನ್ನುವವರಿದ್ದಾರೆ. ಗ್ಯಾಸ್ ಟರ್ಬೈನ್ ಅರ್ಧ ಗಂಟೆಯಲ್ಲಿ ಗ್ರಿಡ್‌ಗೆ ಸೇರಬಲ್ಲದು. ತಡೆಯುವುದು ಬಾಯ್ಲರಿನಲ್ಲಿ ನೀರಿನಿಂದ ಹಬೆ ಬೇರ್ಪಡುವ ಡ್ರಮ್ಮು: ಅದರ ದಪ್ಪ ಉಕ್ಕಿನ ಒಳಮೈ ಬಿಸಿಯಾಗಿ ಹಿಗ್ಗುವಾಗ ಹೊರಮೈ ಇನ್ನೂ ತಣ್ಣಗಿರುತ್ತದೆ. ಆತುರಪಟ್ಟರೆ ಕೆಲವು ಸಾವಿರ ಸ್ಟಾರ್ಟ್‌ಗಳಲ್ಲಿ ವೆಲ್ಡಿನ ಬುಡದಲ್ಲಿ ಬಿರುಕು. ಅದಕ್ಕಾಗಿ ಪೂರ್ತಿ ತಣಿದ ಘಟಕಕ್ಕೆ ಮೂರು-ನಾಲ್ಕು ಗಂಟೆ ಕೊಡುತ್ತಾರೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಎಬ್ಬಿಸುವುದಾದರೆ ಚಿಮಣಿಯ ಡ್ಯಾಂಪರ್ ಮುಚ್ಚಿ ಶಾಖವನ್ನು ಒಳಗೇ ಕಟ್ಟಿಡುತ್ತಾರೆ.