ಭಾನುವಾರದ ಪ್ರಸಂಗಕ್ಕೆ ಸೋಮವಾರವೇ ಕೂರಿ

ಭಾನುವಾರದ ಆರಾಧನೆಯಲ್ಲಿ ಹೇಳುವ ಪ್ರಸಂಗವನ್ನು ಶನಿವಾರ ರಾತ್ರಿ ಊಟ ಮುಗಿಸಿ ಬರೆಯಲು ಕೂರುವವರು ನಮ್ಮ ಮಲೆನಾಡಿನ ಕ್ರೈಸ್ತ ಸಭೆಗಳಲ್ಲಿ ಬಹಳ ಜನ ಇದ್ದಾರೆ. ಸಭಾಪಾಲಕರೂ ಇದ್ದಾರೆ, ಕೆಲಸಕ್ಕೆ ಹೋಗುತ್ತಲೇ ಪ್ರಸಂಗ ಮಾಡುವ ಸಭೆಯ ಸದಸ್ಯರೂ ಇದ್ದಾರೆ. ಇವರು ಸೋಮಾರಿಗಳಲ್ಲ, ವಾರವಿಡೀ ಓಡಾಡಿ ಸುಸ್ತಾದವರು. ಒಬ್ಬರೇ ಸಭಾಪಾಲಕರು ಪೇಟೆಯ ಸಭೆಯನ್ನೂ ನೋಡಬೇಕು, ಸಾಗರದ ಕಡೆಗೋ ತೀರ್ಥಹಳ್ಳಿ ಕಡೆಗೋ ಇರುವ ಎರಡು ಮೂರು ಸಣ್ಣ ಸಭೆಗಳನ್ನೂ ನೋಡಬೇಕು. ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ.

ಆದರೂ ನಾನು ತರಬೇತಿಗೆ ಬರುವ ಪ್ರಸಂಗಿಗಳಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ: ಶನಿವಾರವನ್ನು ನಂಬಬೇಡಿ. ಶನಿವಾರ ನಿಮ್ಮದಲ್ಲ, ಜನರದ್ದು. ಯಾರದೋ ಮನೆಯಲ್ಲಿ ಸಾವಾಗುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ಫೋನ್ ಬರುತ್ತದೆ. ಗಂಡ ಹೆಂಡತಿ ಜಗಳ ಮಾಡಿಕೊಂಡು ಬಾಗಿಲಿಗೆ ಬರುತ್ತಾರೆ. ಇದ್ಯಾವುದೂ ಇಲ್ಲದಿದ್ದರೆ ಮಳೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಪ್ರಸಂಗ ಬಾಕಿ ಇರುವ ಸೇವಕನಿಗೆ ಅಂಥ ಹೊತ್ತಿನಲ್ಲಿ ಬಂದವರೆಲ್ಲ ಅಡ್ಡಿಯಾಗಿ ಕಾಣುತ್ತಾರೆ. ಮಾತಾಡುತ್ತಾ ಗಡಿಯಾರ ನೋಡುತ್ತಾನೆ. ಬಂದವರಿಗೆ ಅದು ಗೊತ್ತಾಗುತ್ತದೆ, ಅಲ್ವಾ? ಗುರುವಾರಕ್ಕೇ ಪ್ರಸಂಗ ಮುಗಿಸಿದವನು ಅದೇ ಶನಿವಾರ ಆಸ್ಪತ್ರೆಯ ಬೆಂಚಿನ ಮೇಲೆ ಎರಡು ಗಂಟೆ ಸುಮ್ನೆ ಕೂರಬಲ್ಲ. ಮುಂಚಿತವಾಗಿ ತಯಾರಾಗಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಚೆನ್ನಾಗಿ ಮಾತಾಡುವುದು ಆಮೇಲಿನ ಮಾತು.

ಇದಕ್ಕೆ ಒಂದು ಆಕ್ಷೇಪ ಯಾವಾಗಲೂ ಬರುತ್ತದೆ. "ಅಯ್ಯನವರೇ, ಆ ಗಳಿಗೆಯಲ್ಲಿ ಪವಿತ್ರಾತ್ಮನೇ ಮಾತು ಕೊಡುತ್ತಾನಲ್ಲ? ಮತ್ತಾಯ 10ರಲ್ಲಿ ಹಾಗೇ ಇದೆಯಲ್ಲ?" ಇದೆ, ನಿಜ. ಆದರೆ ಸತ್ಯವೇದದ (ಬೈಬಲ್‌ನ) ಆ ಅಧ್ಯಾಯವನ್ನು ಪೂರ್ತಿ ಓದಿ. ಏನು ಹೇಳಬೇಕೆಂದು ಚಿಂತಿಸಬೇಡಿ ಎಂದು ಯೇಸು ಹೇಳಿದ್ದು ಯಾರಿಗೆ? ತನ್ನ ನಿಮಿತ್ತ ಹಿಡಿದು ಅಧಿಪತಿಗಳ ಮುಂದೆ, ಅರಸರ ಮುಂದೆ ನಿಲ್ಲಿಸಲ್ಪಡುವವರಿಗೆ. ತಯಾರಾಗಲು ಅವರಿಗೆ ಅವಕಾಶವೇ ಇರುವುದಿಲ್ಲ. ನಮಗೆ ಆರು ದಿನ ಇರುತ್ತದೆ. ಬಂಧನದಲ್ಲಿ ಇರುವವರಿಗೆ ಕೊಟ್ಟ ವಾಗ್ದಾನವನ್ನು ನಮ್ಮ ಅನುಕೂಲಕ್ಕೆ ಎಳೆದುಕೊಳ್ಳುವುದು ನ್ಯಾಯವಲ್ಲ. ವಿಮೋಚನಕಾಂಡ 31ರಲ್ಲಿ ಕುಶಲಕರ್ಮಿ ಬೆಚಲೇಲನನ್ನು ದೇವರು ತನ್ನ ಆತ್ಮದಿಂದ ತುಂಬಿಸಿದ್ದು ಬಂಗಾರ, ಬೆಳ್ಳಿ, ತಾಮ್ರ, ಮರದ ಕೆಲಸಕ್ಕೆ. ಅಂಥ ಕೆಲಸ ಒಂದು ರಾತ್ರಿಯಲ್ಲಿ ಆಗುವುದಿಲ್ಲ. ಆತ್ಮನು ಭಾನುವಾರ ಬೆಳಿಗ್ಗೆ ಮಾತ್ರ ಕೆಲಸ ಮಾಡುತ್ತಾನೆ, ಮಂಗಳವಾರ ಮೇಜಿನ ಮುಂದೆ ಮಾಡುವುದಿಲ್ಲ ಎಂದು ಯಾರು ಹೇಳಿದರು?

ಸೋಮವಾರ ಕೂತರೆ ಏನು ಸಿಗುತ್ತದೆ ಎಂಬುದನ್ನು ಒಂದು ಭಾಗ ತೆಗೆದುಕೊಂಡೇ ತೋರಿಸುತ್ತೇನೆ. ಮಾರ್ಕ 4ನೇ ಅಧ್ಯಾಯ, 35ರಿಂದ 41ನೇ ವಚನ. ಯೇಸು ಬಿರುಗಾಳಿಯನ್ನು ಸುಮ್ಮನಾಗಿಸಿದ ಕಥೆ. ಶನಿವಾರ ರಾತ್ರಿ ತೆರೆದರೆ ಇದರಿಂದ ಏನು ಬರುತ್ತದೆ ಎಂದು ನನಗೆ ಗೊತ್ತು. ನಮ್ಮ ಜೀವನವೂ ಒಂದು ದೋಣಿ, ಕಷ್ಟಗಳೇ ಬಿರುಗಾಳಿ, ಯೇಸು ಇದ್ದರೆ ಭಯವಿಲ್ಲ. ತಪ್ಪೇನಿಲ್ಲ. ಆದರೆ ಸಭೆಯವರು ಇದನ್ನು ಎಷ್ಟೋ ಸಲ ಕೇಳಿಯಾಗಿದೆ. ಮೊದಲ ವಾಕ್ಯಕ್ಕೇ ಕೊನೆಯ ವಾಕ್ಯ ಏನೆಂದು ಅವರಿಗೆ ತಿಳಿದುಬಿಡುತ್ತದೆ.

ಸೋಮವಾರ ಏನನ್ನೂ ಬರೆಯಬೇಡಿ. ಆ ಏಳು ವಚನಗಳನ್ನು ಗಟ್ಟಿಯಾಗಿ ಮೂರು ಸಲ ಓದಿ, ಅಷ್ಟೇ. ಗಟ್ಟಿಯಾಗಿ ಓದಿದಾಗ ಕಣ್ಣು ಹಾರಿಸಿದ್ದನ್ನು ನಾಲಿಗೆ ಹಾರಿಸುವುದಿಲ್ಲ. 36ನೇ ವಚನದಲ್ಲಿ ನೀವು ನಿಲ್ಲುತ್ತೀರಿ. ಬೇರೆ ದೋಣಿಗಳೂ ಆತನ ಸಂಗಡ ಇದ್ದವು ಎಂದಿದೆ. ಯಾರು ಅವರು? ಗಾಳಿ ಅವರಿಗೂ ಬೀಸಿತು, ಶಾಂತವಾದದ್ದೂ ಅವರಿಗೂ ಸೇರಿಯೇ. ಆದರೆ ಅವರ ದೋಣಿಯಲ್ಲಿ ಯೇಸು ಇರಲಿಲ್ಲ. ಯಾರ ಮಾತಿಗೆ ಗಾಳಿ ನಿಂತಿತು ಎಂಬುದೂ ಅವರಿಗೆ ತಿಳಿದಿರಲಿಕ್ಕಿಲ್ಲ. ಅಕ್ಕಪಕ್ಕದಲ್ಲಿ ನಾಲ್ಕು ಕ್ರೈಸ್ತರ ಮನೆ, ಉಳಿದದ್ದೆಲ್ಲ ಬೇರೆಯವರ ಮನೆ, ಹೀಗೆ ಬದುಕುವ ನಮ್ಮ ಊರಿನ ಸಭೆಗೆ ಈ ಒಂದು ವಚನವೇ ಒಂದು ಪ್ರಸಂಗ. ನಮ್ಮ ಪ್ರಾರ್ಥನೆಯಿಂದ ಪಕ್ಕದ ದೋಣಿಗೂ ನೆಮ್ಮದಿ ಸಿಗಬೇಕು ಎಂದು ಅಲ್ಲಿ ಹೇಳಬಹುದು.

ಮಂಗಳವಾರ ಪ್ರಶ್ನೆಗಳನ್ನು ಬರೆದುಕೊಳ್ಳಿ. ಶಿಷ್ಯರಲ್ಲಿ ನಾಲ್ವರು ಅದೇ ಸಮುದ್ರದಲ್ಲಿ ಬಲೆ ಬೀಸಿ ಬದುಕಿದವರು. ಅಂಥವರೇ ಮುಳುಗುತ್ತೇವೆ ಎಂದು ಕೂಗಿದರೆ ಗಾಳಿ ಎಂಥದ್ದಿರಬೇಕು? ಯೇಸು ತಲೆದಿಂಬಿನ ಮೇಲೆ ಮಲಗಿದ್ದನೆಂದು ಮಾರ್ಕ ಒಬ್ಬನೇ ಬರೆಯುತ್ತಾನೆ. ಮತ್ತಾಯ, ಲೂಕ ಅದನ್ನು ಬಿಟ್ಟಿದ್ದಾರೆ. ಯಾಕೆ ನಿದ್ದೆ? ಅದೇ ಅಧ್ಯಾಯದ ಶುರುವಿಗೆ ಹೋಗಿ ನೋಡಿ. ಸಮುದ್ರದ ದಡದಲ್ಲಿ ಜನಕ್ಕೆ ಬೋಧಿಸಿದ್ದಾನೆ, ಈಗ ಸಂಜೆಯಾಗಿದೆ. ದಣಿದಿದ್ದಾನೆ. ಇನ್ನೊಂದು: ಗಾಳಿ ನಿಂತ ಮೇಲೆ ಶಿಷ್ಯರು ಬಹಳವಾಗಿ ಹೆದರಿದರು ಎಂದು 41ನೇ ವಚನ ಹೇಳುತ್ತದೆ. ಆ ಭಯದಲ್ಲೇ ಈತನು ಯಾರು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಹಾಗಾದರೆ ಯೇಸು ಇದ್ದರೆ ಭಯವೇ ಇಲ್ಲ ಎಂದು ಹೇಳಿ ಮುಗಿಸಲು ಮಾರ್ಕನೇ ಬಿಡುವುದಿಲ್ಲ.

ಬುಧವಾರ ವ್ಯಾಖ್ಯಾನದ ಪುಸ್ತಕ ತೆರೆಯಿರಿ. ಮೊದಲೇ ತೆರೆಯಬೇಡಿ, ತೆರೆದರೆ ಬೇರೆಯವರ ಪ್ರಸಂಗ ನಿಮ್ಮ ತಲೆಯಲ್ಲಿ ಕೂರುತ್ತದೆ. ಗಲಿಲಾಯ ಸಮುದ್ರ ಎಂದು ಕರೆದರೂ ಅದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್. ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಜಾಸ್ತಿ ತಗ್ಗಿನಲ್ಲಿದೆ, ಸುತ್ತ ಬೆಟ್ಟ. ಬೆಟ್ಟದಿಂದ ಗಾಳಿ ಇದ್ದಕ್ಕಿದ್ದಂತೆ ಇಳಿಯುತ್ತದೆ. ಸಾಗರ ಕಡೆಯ ಸಭೆಯಲ್ಲಿ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಲಾಂಚ್‌ನಲ್ಲಿ ದಾಟಿದವರು ಅಲ್ಲಿ ಕೂತಿರುತ್ತಾರೆ. ಅಲ್ಲಿ ಸೇತುವೆ ಬಂದದ್ದೇ 2025ರ ಜುಲೈನಲ್ಲಿ. ಗುಡ್ಡಗಳ ನಡುವಿನ ನೀರಿನ ಮೇಲೆ ಮಳೆಗಾಲದ ಗಾಳಿ ಏನು ಮಾಡುತ್ತದೆ ಎಂದು ಅವರಿಗೆ ಪ್ರಸಂಗಿಗಿಂತ ಚೆನ್ನಾಗಿ ಗೊತ್ತು.

ಗುರುವಾರ ಬರೆಯಿರಿ. ಪೂರ್ತಿ ಬರೆಯಿರಿ, ಬರೀ ಅಂಶಗಳನ್ನಲ್ಲ. ಶುಕ್ರವಾರ ಕಡಿಮೆ ಮಾಡಿ. ತಲೆದಿಂಬಿನ ವಿಚಾರ ಎಷ್ಟೇ ಚೆಂದ ಇದ್ದರೂ ಪಕ್ಕದ ದೋಣಿಗಳ ಪ್ರಸಂಗಕ್ಕೆ ಅದು ಬೇಕಿಲ್ಲದಿದ್ದರೆ ತೆಗೆಯಿರಿ. ಇದು ಕಷ್ಟದ ಕೆಲಸ. ಗುರುವಾರ ಬರೆದದ್ದರ ಮೇಲೆ ಪ್ರೀತಿ ಇರುತ್ತದೆ, ಅದಕ್ಕೇ ಒಂದು ರಾತ್ರಿ ಬಿಟ್ಟು ತೆಗೆಯಬೇಕು. ಶನಿವಾರ ರಾತ್ರಿ ಬರೆದವರಿಗೆ ಆ ಒಂದು ರಾತ್ರಿ ಸಿಗುವುದಿಲ್ಲ. ಅವರ ಪ್ರಸಂಗ ಉದ್ದವಾಗುವುದು ಇದೇ ಕಾರಣಕ್ಕೆ.

ವಾರದ ತಯಾರಿ ಹೀಗಾದರೆ ವರ್ಷದ್ದು ಬೇರೆ. ಸಭಾ ವರ್ಷ ಶುರುವಾಗುವುದು ಕ್ರಿಸ್ಮಸ್‌ಗೆ ಮುಂಚಿನ ತಯಾರಿಯ ಕಾಲವಾದ ಅಡ್ವೆಂಟ್‌ನ ಮೊದಲ ಭಾನುವಾರ, 2026ರಲ್ಲಿ ಅದು ನವೆಂಬರ್ 29. ಅಕ್ಟೋಬರ್‌ನಲ್ಲೇ ಸಭೆಯ ಪಂಚಾಂಗ ಮುಂದಿಟ್ಟುಕೊಂಡು ಒಂದು ದಿನ ಕೂತರೆ ಸಾಕು. ಯಾವ ಭಾನುವಾರಕ್ಕೆ ಯಾವ ಪಾಠ ಎಂದು ಅದರಲ್ಲೇ ಇರುತ್ತದೆ. ನೀವು ನೋಡಬೇಕಾದದ್ದು ಅದರ ಪಕ್ಕದಲ್ಲಿ ನಡೆಯುವ ಊರಿನ ವರ್ಷವನ್ನು. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬರಬಹುದು. 2025ರಲ್ಲಿ ಏಪ್ರಿಲ್ 20ಕ್ಕೆ ಬಂದಿತ್ತು, 2027ರಲ್ಲಿ ಮಾರ್ಚ್ 28ಕ್ಕೇ ಬರುತ್ತದೆ. ಎಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 10ಕ್ಕೇ, ಶುಭ ಶುಕ್ರವಾರದ ಹೊತ್ತಿಗೆ ಮಕ್ಕಳಿಗೆ ಪರೀಕ್ಷೆಯ ಕಾಲ. ಲೆಂಟ್‌ನಲ್ಲಿ ಸಂಜೆ ಮನೆ ಪ್ರಾರ್ಥನೆಗಳನ್ನು ಇಡುವವರು ಇದನ್ನು ಮೊದಲೇ ನೋಡಬೇಕು. ಆಮೇಲೆ ಯುವಕರು ಬರುತ್ತಿಲ್ಲ, ಭಕ್ತಿ ಕಡಿಮೆಯಾಗಿದೆ ಎಂದು ಬೈಯುವುದು ಸರಿಯಲ್ಲ. ಅಡಿಕೆ ಕೊಯ್ಲಿನ ಕಾಲವೂ ಹಾಗೇ. ಕೊಯ್ಲಿಗೆ, ಸುಲಿಯಲು ಹೋಗುವ ಹೆಂಗಸರು ಕತ್ತಲಾದ ಮೇಲೂ ಮೆಟ್ಟುಕತ್ತಿಯ ಮುಂದೆ ಕೂತಿರುತ್ತಾರೆ. ಅವರಿಗೆ ಏಳು ಗಂಟೆಯ ಕೂಟ ಆಗುವುದಿಲ್ಲ. ಕೂಟವನ್ನೇ ಬೇರೆ ದಿನಕ್ಕೆ ಹಾಕಿ.

ಮದುವೆಗಳ ಬಗ್ಗೆ ಒಂದೇ ಮಾತು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಲ್ಲಿ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಮದುವೆ ಆಗಬೇಕು ಎಂದಿದೆ, ವಿಶೇಷ ಅನುಮತಿ ಇದ್ದರೆ ಬೇರೆ ಮಾತು. ಘಟ್ಟದ ಕೆಳಗಿನಿಂದ ಬರುವ ದಿಬ್ಬಣ ಆಗುಂಬೆಯ ತಿರುವಿನಲ್ಲಿ ತಡವಾಗುವುದು ಸಾಮಾನ್ಯ. ಸಂಜೆ ಐದೂವರೆಗೆ ಆರಾಧನೆ ಇಡಬೇಡಿ.

ಸಾವಿನ ಮನೆಗೆ ತಯಾರಿ ಮಾಡುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಮಾಡಬಹುದು, ಮಾಡಲೇಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಮುಂಚಿನ ತಯಾರಿ ಬೇಕಾದದ್ದು ಇದಕ್ಕೇ. ಜುಲೈ ತಿಂಗಳಲ್ಲಿ ಒಂದು ಸಾವಾಯಿತು ಎಂದುಕೊಳ್ಳಿ. ಜಂಬಿಟ್ಟಿಗೆ ನೆಲ ಅಗೆಯುವುದೇ ಕಷ್ಟ, ಅಗೆದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಟಾರ್ಪಾಲು ಯಾರ ಮನೆಯಲ್ಲಿದೆ, ನೀರು ಎತ್ತಲು ಪಂಪ್ ಯಾರು ಕೊಡುತ್ತಾರೆ ಎಂದು ಸಭೆಯ ಹಿರಿಯರಿಗೆ ಮೇ ತಿಂಗಳಲ್ಲೇ ಗೊತ್ತಿರಬೇಕು. ಶವಸಂಸ್ಕಾರದ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಒದ್ದೆಯಾದ ಪುಸ್ತಕದ ಹಾಳೆ ಬಿಡಿಸಲು ಆಗದೆ ಸಮಾಧಿಯ ಪಕ್ಕದಲ್ಲಿ ತಡವರಿಸಿದರೆ ಆ ಮನೆಯವರು ಮರೆಯುವುದಿಲ್ಲ.

ಭಾಷೆಯನ್ನೂ ಯೋಚಿಸಿ. ಭದ್ರಾವತಿಯಲ್ಲಿ 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಬಂದರು. ಅಲ್ಲಿನ ಎಷ್ಟೋ ಮನೆಗಳಲ್ಲಿ ಅಜ್ಜಿಯ ಪ್ರಾರ್ಥನೆ ತಮಿಳಿನಲ್ಲಿ, ಮೊಮ್ಮಕ್ಕಳದ್ದು ಕನ್ನಡದಲ್ಲಿ. ಕಾಫಿ ತೋಟಗಳ ಕಡೆಯೂ ಹೀಗೇ. 23ನೇ ಕೀರ್ತನೆಯನ್ನು ತಮಿಳಿನಲ್ಲಿ ಓದಬಲ್ಲ ಒಬ್ಬರನ್ನು ಗೊತ್ತು ಮಾಡಿಕೊಂಡಿರಿ. ಮತ್ತೆ, ಆ ಅಂಗಳದಲ್ಲಿ ನಿಂತಿರುವ ನೆರೆಹೊರೆಯವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕ್ರೈಸ್ತರಾಗಿರುವುದಿಲ್ಲ. ಗುಂಡಿ ತೋಡಿದವರು, ಬಂದವರಿಗೆ ಕಾಫಿ ಕಾಸಿದವರು ಅವರೇ ಇರಬಹುದು. ಅವರಿಗೂ ಅರ್ಥವಾಗುವ ಕನ್ನಡದಲ್ಲಿ ಐದು ನಿಮಿಷ ಮಾತಾಡಿ, ಅವರಿಗೆ ಕೃತಜ್ಞತೆ ಹೇಳಿ. ತೀರಿಕೊಂಡವರ ಹೆಸರು, ಕೊನೆಯ ದಿನಗಳಲ್ಲಿ ಅವರನ್ನು ನೋಡಿಕೊಂಡ ಮಗಳ ಹೆಸರು ಚೀಟಿ ನೋಡದೆ ಹೇಳಬೇಕು. ಇದಕ್ಕೆ ಆ ಮನೆಗೆ ಮೊದಲೇ ಹೋಗಿ ಕೂತಿರಬೇಕು, ಬೇರೆ ದಾರಿ ಇಲ್ಲ.

ಇನ್ನು ಪೂರ್ಣಾವಧಿ ಸೇವೆಗೆ ಬರಬೇಕೆಂದಿರುವ ಹುಡುಗ ಹುಡುಗಿಯರು. ಕರೆ ಬಂದಿದೆ, ಇದೇ ಜೂನ್‌ಗೆ ದೇವಶಾಸ್ತ್ರ ಕಾಲೇಜಿಗೆ ಕಳಿಸಿ ಎಂದು ಏಪ್ರಿಲ್‌ನಲ್ಲಿ ಬಂದು ಕೇಳುತ್ತಾರೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ, ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಅಲ್ಲಿ ಹೀಬ್ರೂ, ಗ್ರೀಕ್, ಸಭಾ ಇತಿಹಾಸ ಎಲ್ಲ ಕಲಿಸುತ್ತಾರೆ. ಆದರೆ ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಓದದೆ ಹೋದವರಿಗೆ ಆ ಪಾಠಗಳು ಎಲ್ಲಿ ನಿಲ್ಲಬೇಕು? ಎರಡು ವರ್ಷ ತಾಳಿ ಎನ್ನುತ್ತೇನೆ. ಮುಖ ಸಪ್ಪಗಾಗುತ್ತದೆ. ಅಪೊಸ್ತಲ ಪೌಲನೇ ದಮಸ್ಕದ ದಾರಿಯಲ್ಲಿ ಯೇಸುವನ್ನು ಕಂಡ ಆ ದರ್ಶನದ ಮೇಲೆ ಅರೇಬಿಯಕ್ಕೆ ಹೋಗಿ, ದಮಸ್ಕಕ್ಕೆ ಹಿಂದಿರುಗಿ, ಮೂರು ವರ್ಷವಾದ ಮೇಲೆ ಯೆರೂಸಲೇಮಿಗೆ ಹೋದೆನೆಂದು ಗಲಾತ್ಯದವರಿಗೆ ಬರೆಯುತ್ತಾನೆ.

ಆ ಎರಡು ವರ್ಷದಲ್ಲಿ ಸತ್ಯವೇದ ಪೂರ್ತಿ ಓದಿ. ಸಂಡೇ ಸ್ಕೂಲ್‌ನಲ್ಲಿ ಚಿಕ್ಕ ಮಕ್ಕಳ ತರಗತಿ ತೆಗೆದುಕೊಳ್ಳಿ. ಆರು ವರ್ಷದ ಮಗುವಿಗೆ ಅರ್ಥವಾಗುವಂತೆ ಹೇಳಲು ಬಂದರೆ ದೊಡ್ಡವರಿಗೂ ಹೇಳಬಲ್ಲಿರಿ. ಸಭೆಯ ಖಜಾಂಚಿಯ ಜೊತೆ ಕೂತು ಲೆಕ್ಕ ಬರೆಯಲು ಕಲಿಯಿರಿ. ಕಾಣಿಕೆ ಹಣದ ಲೆಕ್ಕದಲ್ಲಿ ಗೊಂದಲವಾಗಿ ಮಾತು ಬಿಟ್ಟ ಸಭೆಗಳು ಇವೆ, ಒಳ್ಳೆಯ ಪ್ರಸಂಗದಿಂದ ಅದು ಸರಿಹೋಗುವುದಿಲ್ಲ. ಕನ್ನಡ ಚೆನ್ನಾಗಿ ಓದಿ, ಸತ್ಯವೇದದ ಕನ್ನಡವನ್ನಷ್ಟೇ ಅಲ್ಲ, ದಿನಪತ್ರಿಕೆಯನ್ನೂ, ಕಥೆ ಕವಿತೆಗಳನ್ನೂ. ಮನೆಯವರನ್ನು ಕೇಳಿ. ಮುಂದೆ ಮದುವೆಯಾಗುವವರಿಗೂ ಇದು ಗೊತ್ತಿರಲಿ, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದವರಿಗೆ ಟೀ ಮಾಡುವ ಪಾಲು ಅವರಿಗೂ ಬರುತ್ತದೆ.

ಸಭೆಯ ಹಿರಿಯರಿಗೂ ಒಂದು ಕೋರಿಕೆ ಇದೆ. ನಿಮ್ಮ ಸಭಾಪಾಲಕರು ಮುಂಚಿತವಾಗಿ ತಯಾರಾಗಬೇಕಾದರೆ ಅದಕ್ಕೆ ಹೊತ್ತು ಕೊಡಬೇಕಾದವರು ನೀವು. ಮಂಗಳವಾರ, ಬುಧವಾರ ಬೆಳಿಗ್ಗೆ ಹನ್ನೊಂದರವರೆಗೆ ಕರೆಂಟ್ ಬಿಲ್ಲಿಗೆ, ಪೇಂಟ್ ಕೆಲಸಕ್ಕೆ, ಮೈಕ್ ರಿಪೇರಿಗೆ ಅವರಿಗೆ ಫೋನ್ ಮಾಡಬೇಡಿ. ಆ ಕೆಲಸಗಳನ್ನು ನಿಮ್ಮಲ್ಲೇ ಇಬ್ಬರು ಹಂಚಿಕೊಳ್ಳಿ. ಸಮಿತಿ ಸಭೆಯನ್ನು ಶನಿವಾರ ಸಂಜೆ ಇಡುವ ರೂಢಿ ಇದ್ದರೆ ಮುಂದಿನ ತಿಂಗಳಿಂದಲೇ ಬೇರೆ ದಿನಕ್ಕೆ ಬದಲಾಯಿಸಿ. ವರ್ಷಕ್ಕೆ ಒಂದು ಒಳ್ಳೆಯ ವ್ಯಾಖ್ಯಾನದ ಪುಸ್ತಕ ಕೊಡಿಸಲು ಸಭೆಯ ಬಜೆಟ್ಟಿನಲ್ಲಿ ಒಂದು ಸಾಲು ಸೇರಿಸಿ. ಪೌಲನೂ ತನ್ನ ಕೊನೆಯ ಪತ್ರದಲ್ಲಿ ತನ್ನ ಶಿಷ್ಯ ತಿಮೊಥೆಯನಿಂದ ಮೇಲಂಗಿಯ ಜೊತೆಗೆ ಕೇಳಿದ್ದು ಪುಸ್ತಕಗಳನ್ನೇ. ಚಳಿಗಾಲಕ್ಕೆ ಮುಂಚೆ ಬಾ ಎಂದೂ ಬರೆದಿದ್ದಾನೆ.