ಮೈ ಒಂದು ಕಡೆ, ಸೆರಗು ಒಂದು ಕಡೆ

ಮನೆಯಲ್ಲಿ ಹಳೆಯ ಇಳಕಲ್ ಸೀರೆ ಇದ್ದರೆ, ಮೈ ಮುಗಿದು ಸೆರಗು ಶುರುವಾಗುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಮೈಯ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ, ಹತ್ತಿಯದು; ಸೆರಗಿನ ಹಾಸು ರೇಷ್ಮೆಯದು. ಒಂದರ ಎಳೆಯನ್ನು ಇನ್ನೊಂದರ ಎಳೆಯೊಳಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಅದೇ ಕೊಂಡಿ. ಹೀಗೆ ಜೋಡಿಸಬೇಕಾದರೆ ಒಂದೊಂದು ಸೀರೆಗೂ ಬೇರೆಯೇ ಹಾಸು ಸಿದ್ಧ ಮಾಡಬೇಕು.

ಮೊನ್ನೆ ಅಕ್ಕನ ಮಗಳ ಲ್ಯಾಪ್‌ಟಾಪ್ ಮುಂದೆ ಕೂತಾಗ ಈ ಕೊಂಡಿ ನೆನಪಾಯಿತು. ಅವಳು ಬಾಗಲಕೋಟೆಯಲ್ಲಿ ಬಿಸಿಎ ಓದುತ್ತಾಳೆ. ಅವರದು ಸೀರೆ ವ್ಯಾಪಾರದ ಮನೆ. ಆರ್ಡರ್ ಬರೆಯುವ ಹಳೆಯ ವಹಿಯ ಬದಲು ಒಂದು ಫುಲ್ ಸ್ಟ್ಯಾಕ್ ವೆಬ್ ಆ್ಯಪ್ ಮಾಡಿಯೇ ತೀರುತ್ತೇನೆ ಅಂತ ಹಟ. ಒಂದು ವಾರ ಕೂತು ಪರದೆಯನ್ನು ಚಂದ ಮಾಡಿದ್ದಳು. ಬಟನ್‌ಗಳಿಗೆ ಖಣದ ಕುಪ್ಪಸದ ಕೆಂಪು ಬಣ್ಣ ಬೇರೆ. ಆದರೆ ಆರ್ಡರ್ ಪಟ್ಟಿ ಮಾತ್ರ ಖಾಲಿ.

“ನೋಡ ಮಾಮಾ, ಸರ್ವರ್ ಚಾಲೂ ಐತಿ. ಡೇಟಾನೂ ಐತಿ. ಪರದೆ ಮ್ಯಾಲ ಏನೂ ಬರವಲ್ದು.”

ಫುಲ್ ಸ್ಟ್ಯಾಕ್ ಅಂದರೆ ಇಷ್ಟೇ: ಕಣ್ಣಿಗೆ ಕಾಣುವ ಪರದೆ, ಹಿಂದೆ ಕೂತು ಲೆಕ್ಕ ನೋಡುವ ಸರ್ವರ್, ಎಲ್ಲವನ್ನೂ ಕಾಪಾಡಿಡುವ ಡೇಟಾಬೇಸ್. ಈ ಮೂರಕ್ಕೆ ಕ್ರಮವಾಗಿ ಅವಳು ಆರಿಸಿಕೊಂಡದ್ದು ರಿಯಾಕ್ಟ್, ನೋಡ್ ಜೆಎಸ್, ಪೋಸ್ಟ್‌ಗ್ರೆಸ್. ಒಂದೊಂದನ್ನೂ ಕಲಿಸುವ ವಿಡಿಯೊ ಬೇಕಾದಷ್ಟಿವೆ. ಕೆಲಸ ಕೆಡುವುದು ಬಹುಪಾಲು ಇವುಗಳ ನಡುವೆ. ಹೊಸಬರು ಮೊದಲು ಮಾಡುವ ಸ್ಟಾರ್ಟರ್ ಪ್ರಾಜೆಕ್ಟ್ ಅಂದರೆ ಬಣ್ಣ, ಲಾಗಿನ್, ಬಿಲ್ ಎಲ್ಲ ಬದಿಗಿಟ್ಟು ಡೇಟಾದ ಒಂದೇ ಒಂದು ಸಾಲನ್ನು ಡೇಟಾಬೇಸಿನ ಆ ತುದಿಯಿಂದ ಪರದೆಯ ಈ ತುದಿಗೆ ತರುವುದು. ಅವಳು ಸೆರಗಿನಿಂದ ಶುರು ಮಾಡಿ ಸೆರಗಿನಲ್ಲೇ ಉಳಿದಿದ್ದಳು.

ಸರ್ವರ್ ಓಡುತ್ತಿದ್ದ ಕಪ್ಪು ಕಿಟಕಿ ನೋಡಿದೆವು. ಕೋರಿಕೆ ಬಂದಿತ್ತು. ಉತ್ತರವೂ ಹೋಗಿತ್ತು, 200 ಅನ್ನುವ ಸಂಕೇತದೊಂದಿಗೆ, ಅಂದರೆ ಎಲ್ಲ ಸರಿ ಇದೆ ಅಂತ. ಬ್ರೌಸರ್‌ನ ಕನ್ಸೋಲ್‌ನಲ್ಲಿ ಮಾತ್ರ ಕೆಂಪು ಅಕ್ಷರ. ಅದರಲ್ಲಿ ‘ಕಾರ್ಸ್’ (CORS) ಅನ್ನುವ ಪದ, ಅಂದರೆ ಬೇರೆ ಕಡೆಯ ಉತ್ತರವನ್ನು ಪುಟ ಓದಬಹುದೋ ಇಲ್ಲವೋ ಅನ್ನುವ ಅನುಮತಿಯ ನಿಯಮ. ಉತ್ತರ ಬ್ರೌಸರ್‌ವರೆಗೆ ಬಂದಿದೆ, ಬ್ರೌಸರ್ ಅದನ್ನು ತನ್ನ ಪುಟಕ್ಕೆ ಕೊಡುತ್ತಿಲ್ಲ. ಅಂಚೆಯವನು ಪತ್ರ ತಂದಿದ್ದಾನೆ, ಬಾಗಿಲಲ್ಲೇ ಅಜ್ಜಿ ಇಸಿದುಕೊಂಡು ಇಟ್ಟುಕೊಂಡಿದ್ದಾಳೆ!

ಅಜ್ಜಿಯ ಅನುಮಾನಕ್ಕೆ ಕಾರಣ ಇದೆ. ಜಾವಾಸ್ಕ್ರಿಪ್ಟ್ ಬಂದದ್ದು 1995ರಲ್ಲಿ. ಪುಟದೊಳಗೇ ಕಾರ್ಯಕ್ರಮ ಓಡತೊಡಗಿದ ಮೇಲೆ ಭಯವೂ ಶುರುವಾಯಿತು. ಒಂದು ಟ್ಯಾಬ್‌ನಲ್ಲಿ ನೀವು ಬ್ಯಾಂಕಿಗೆ ಲಾಗಿನ್ ಆಗಿದ್ದೀರಿ, ಇನ್ನೊಂದರಲ್ಲಿ ಯಾವುದೋ ಗೊತ್ತಿಲ್ಲದ ಪುಟ ತೆರೆದಿದೆ ಅನ್ನಿ. ಆ ಪುಟ ನಿಮ್ಮ ಹೆಸರಿನಲ್ಲೇ ಬ್ಯಾಂಕನ್ನು ಕೇಳಿ ಉತ್ತರ ಓದಿಬಿಟ್ಟರೆ? ಅದಕ್ಕೇ ಒಂದು ಮೂಲದಿಂದ ಬಂದ ಪುಟ ಇನ್ನೊಂದು ಮೂಲದ ಉತ್ತರವನ್ನು ಸುಮ್ನೆ ಓದುವಂತಿಲ್ಲ. ಮೂಲ ಅಂದರೆ ಪ್ರೋಟೊಕಾಲ್ (http ಅಥವಾ https), ವಿಳಾಸ, ಪೋರ್ಟ್ ಸಂಖ್ಯೆ (ಒಂದೇ ಯಂತ್ರದೊಳಗಿನ ಬೇರೆ ಬೇರೆ ಬಾಗಿಲಿನ ನಂಬರ್), ಮೂರೂ ಸೇರಿ. ಅವಳ ಪರದೆ 5173ನೇ ಪೋರ್ಟ್‌ನಲ್ಲಿತ್ತು, ಸರ್ವರ್ 3000ದಲ್ಲಿ. ಎರಡೂ ಅದೇ ಲ್ಯಾಪ್‌ಟಾಪ್‌ನಲ್ಲೇ ಇವೆ, ಅಲ್ವಾ? ಬ್ರೌಸರ್‌ಗೆ ಅದೆಲ್ಲ ಲೆಕ್ಕಕ್ಕಿಲ್ಲ. ಪೋರ್ಟ್ ಬೇರೆ, ಊರೂ ಬೇರೆ.

ಇವರು ನಮ್ಮವರೇ, ಓದಲಿ ಬಿಡು ಅಂತ ಸರ್ವರ್ ತನ್ನ ಉತ್ತರದ ತಲೆಯಲ್ಲಿ ಒಂದು ಸಾಲು ಬರೆದು ಕಳಿಸಿದರೆ ಸಾಕು. ಅಲ್ಲಿ ನಕ್ಷತ್ರ ಚಿಹ್ನೆ ಹಾಕಿ ಊರಿಗೆಲ್ಲ ಬಾಗಿಲು ತೆಗೆಯುವವರೇ ಜಾಸ್ತಿ. ನನಗೆ ಆ ಅಭ್ಯಾಸ ಸೇರುವುದಿಲ್ಲ. 5173ರ ವಿಳಾಸವೊಂದನ್ನೇ ಬರೆಸಿದೆ. ಪಟ್ಟಿ ಬಂತು.

ಎರಡನೇ ಕೊಂಡಿ ಕನ್ನಡದ್ದು. ಗ್ರಾಹಕರ ಹೆಸರು 20 ಅಕ್ಷರ ದಾಟಬಾರದು ಅಂತ ಅವಳ ನಿಯಮ. ಗುಳೇದಗುಡ್ಡದ ಒಬ್ಬರ ಹೆಸರು ನೋಡಿದರೆ ಹನ್ನೆರಡೋ ಹದಿಮೂರೋ ಅಕ್ಷರ, ಆದರೂ ಆ್ಯಪ್ ಒಪ್ಪಲಿಲ್ಲ. ‘ಕೊಂಡಿ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಎರಡು ಅಕ್ಷರ. ಒಂದೊಂದು ಚಿಹ್ನೆಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ಗೆ ಐದು: ಕ, ಒ ಸ್ವರದ ಚಿಹ್ನೆ, ಸೊನ್ನೆ, ಡ, ಗುಡಿಸು. ಜಾವಾಸ್ಕ್ರಿಪ್ಟ್‌ಗೆ ಇದರ ಉದ್ದ ಕೇಳಿದರೆ 5 ಅನ್ನುತ್ತದೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಇಂಥ ಒಂದೊಂದು ಸಂಕೇತಕ್ಕೂ 3 ಬೈಟ್, ಹಾಗಾಗಿ ಡಿಸ್ಕ್‌ನಲ್ಲಿ ಅದು 15 ಬೈಟ್. ಇಂಗ್ಲಿಷ್ ಹೆಸರು ಹಾಕಿಯೇ ಪರೀಕ್ಷೆ ಮಾಡುತ್ತಿದ್ದರೆ ಇದು ತಿಂಗಳುಗಟ್ಟಲೆ ಬಯಲಿಗೆ ಬರುತ್ತಿರಲಿಲ್ಲ. ಮೊದಲ ಸಾಲನ್ನು ಕನ್ನಡದಲ್ಲೇ, ಒತ್ತಕ್ಷರ ಇರುವ ಹೆಸರಿನಿಂದಲೇ ತುಂಬಿಸಿ.

ಇನ್ನು ಆ ದೈತ್ಯ ಫೋಲ್ಡರ್, ನೋಡ್ ಮಾಡ್ಯೂಲ್ಸ್. ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಅಂದರೆ ಪ್ಯಾಕೇಜ್‌ಗಳು, ಬಂದು ಕೂರುವುದು ಇಲ್ಲೇ. ನಾವು ಕೇಳುವುದು ನಾಲ್ಕೈದು ಪ್ಯಾಕೇಜ್, ಬರುವುದು ಅವುಗಳ ಇಡೀ ಬೀಗರ ಬಳಗ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್ ಪ್ಯಾಡ್’ ಅನ್ನುವ 11 ಸಾಲಿನ ಪ್ಯಾಕೇಜನ್ನು ಬರೆದವನು ವಾಪಸ್ ತೆಗೆದುಕೊಂಡ. ಜಗತ್ತಿನ ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್, ಅಂದರೆ ಕೋಡನ್ನೆಲ್ಲ ಜೋಡಿಸುವ ಕೆಲಸ, ಅಲ್ಲಲ್ಲೇ ನಿಂತುಬಿಟ್ಟಿತು. ಕೋಡಿನ ಬದಲಾವಣೆಗಳನ್ನೆಲ್ಲ ಕಾಪಾಡಿಡುವ ಗಿಟ್‌ಗೆ ಆ ಫೋಲ್ಡರನ್ನು ಹಾಕಬೇಡಿ. ಯಾವ ಪ್ಯಾಕೇಜಿನ ಯಾವ ಆವೃತ್ತಿ ಅಂತ ಬರೆದಿಡುವ ಲಾಕ್ ಫೈಲ್ ಮಾತ್ರ ಮರೆಯದೆ ಹಾಕಿ.

ಕೊನೆಗೆ ಅವಳ ಗೆಳತಿಯ ಲ್ಯಾಪ್‌ಟಾಪ್‌ಗೆ ಇಡೀ ಪ್ರಾಜೆಕ್ಟ್ ಇಳಿಸಿದೆವು. ಸ್ಟಾರ್ಟರ್ ಗಟ್ಟಿಯೋ ಪೊಳ್ಳೋ ಅಂತ ತಿಳಿಯುವುದು ಬೇರೆಯವರ ಯಂತ್ರದಲ್ಲೇ. ಎರಡೇ ನಿಮಿಷಕ್ಕೆ ನಿಂತಿತು. ಡೇಟಾಬೇಸ್ ಪಾಸ್‌ವರ್ಡ್ ಇರುವ ಡಾಟ್ ಎನ್ವ್ ಫೈಲ್ ಗಿಟ್‌ನಲ್ಲಿರಲಿಲ್ಲ. ಇರಲೂ ಬಾರದು, ಸರಿ. ಆದರೆ ಅದರಲ್ಲಿ ಏನೇನು ತುಂಬಬೇಕು ಅಂತ ತೋರಿಸುವ ಖಾಲಿ ಮಾದರಿಯೂ ಇರಲಿಲ್ಲ. ಅದನ್ನು ಬರೆದು ಮತ್ತೆ ಓಡಿಸಿದರೆ ಪೋಸ್ಟ್‌ಗ್ರೆಸ್ ಹೇಳಿತು: ಆರ್ಡರ್ಸ್ ಅನ್ನುವ ಟೇಬಲ್ಲೇ ಇಲ್ಲ.

ಹೌದಲ್ಲ! ಅದನ್ನು ಇವಳು ತನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ರಾತ್ರಿ ಮೌಸ್ ಒತ್ತಿ ಒತ್ತಿ ಮಾಡಿಕೊಂಡಿದ್ದಳು. ಯಾವ ಕಾಲಂ, ಯಾವ ಕ್ರಮ ಅನ್ನುವುದು ಅವಳಿಗೂ ಪೂರ್ತಿ ನೆನಪಿರಲಿಲ್ಲ. ಈಗ ವಹಿಯನ್ನು ಪಕ್ಕಕ್ಕೆ ತೆರೆದಿಟ್ಟುಕೊಂಡು, ಟೇಬಲ್ ಕಟ್ಟುವ ಫೈಲ್ ಬರೆಯುತ್ತಾ ಕೂತಿದ್ದಾಳೆ.